ಸೀರೆಯ ಬಣ್ಣ ಕಡಲನ್ನು ದಾಟುವ ಬಗೆ

ಬೀಳಗಿ ತಾಲ್ಲೂಕಿನ ಬಾಡಗಂಡಿಯು ಕಬ್ಬಿನ ಹೊಲಗಳ ನಡುವೆ ಇರುವ ಊರು. ಹೊರಗಿನವರಿಗೆ ಅದು ಅಲ್ಲಿಯ ಸಕ್ಕರೆ ಕಾರ್ಖಾನೆಯಿಂದ ಪರಿಚಿತವಾದದ್ದು. ಆ ಊರಿನಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಪೊಟ್ಟಣವೊಂದನ್ನು ಪ್ರಯೋಗಶಾಲೆಗೆ ತಂದು ನಮ್ಮ ಮೇಜಿನ ಮೇಲಿಟ್ಟಳು. ಒಳಗೆ ಒಂದು ಸೀರೆ. ಅದನ್ನು ನೇಯ್ದವರು ರಬಕವಿಯಲ್ಲಿರುವ ಆಕೆಯ ಸೋದರಮಾವ. ಸೀರೆಯು ಅಮೆರಿಕದ ನ್ಯೂಜೆರ್ಸಿಯವರೆಗೆ ಹೋಗಿ, ಅಲ್ಲಿ ನೆಲಸಿರುವ ಕನ್ನಡ ಗೃಹಿಣಿಯೊಬ್ಬರ ಕೈಸೇರಿ, ‘ಚಿತ್ರದಲ್ಲಿ ಕಂಡ ಬಣ್ಣ ಇದಲ್ಲ’ ಎಂಬ ಚೀಟಿಯೊಡನೆ ಹಿಂದಿರುಗಿತ್ತು. ಹೋಗಿ ಬರುವ ಸಾಗಣೆಯ ವೆಚ್ಚವೇ ಆ ಸೀರೆಯ ಲಾಭವನ್ನು ನುಂಗಿ, ಇನ್ನೊಂದು ಸೀರೆಯ ಕೂಲಿಗೂ ಕೈಹಾಕಿತ್ತು. “ಸೀರಿ ಅದ ಐತ್ರಿ ಸರ್, ಮಾವ ತಗದ ಫೋಟೋನೂ ಖರೇನ ಐತಿ. ಮತ್ತ ಬಣ್ಣ ಎಲ್ಲಿ ಬದಲಾತ್ರಿ?” ಎಂದು ಆಕೆ ಕೇಳಿದಳು.

ಹಿಂದೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ರಬಕವಿ-ಬನಹಟ್ಟಿಯ ನೇಕಾರನು ನೇಯ್ದ ಸೀರೆಯನ್ನು ಸಾಹುಕಾರನಿಗೆ ಒಪ್ಪಿಸುತ್ತಿದ್ದನು. ಸಾಹುಕಾರನು ದೊಡ್ಡ ಪೇಟೆಯ ವ್ಯಾಪಾರಿಗೆ, ಅವನು ಅಂಗಡಿಗೆ, ಅಂಗಡಿಯವನು ಗಿರಾಕಿಗೆ. ಉಟ್ಟವರ ಮುಖವನ್ನು ನೇಯ್ದವನು ಕಂಡವನಲ್ಲ. ಈಗ ಕಿಸೆಯಲ್ಲಿರುವ ಮೊಬೈಲ್ ಯಂತ್ರವು ಮಗ್ಗದ ಮನೆಯನ್ನೇ ಅಂಗಡಿಯನ್ನಾಗಿ ಮಾಡಿದೆ. ಸಾವಿರಾರು ಮೈಲಿ ದೂರದ ಗಿರಾಕಿ ಸೀರೆಯ ಚಿತ್ರವನ್ನು ನೋಡಿ, ಬೆಲೆ ಕೇಳಿ, ಸೆರಗನ್ನು ಹತ್ತಿರದಿಂದ ತೋರಿಸೆಂದು ಹೇಳಿ, ಹಣವನ್ನೂ ಕಳಿಸಬಹುದು. ಕೋಟಿಗಟ್ಟಲೆ ಬಂಡವಾಳದ ಸಂಸ್ಥೆಗಳು ಯಾವ ಸಾಧನಗಳಿಂದ ಪರದೇಶದ ಗಿರಾಕಿಯನ್ನು ಮಾತನಾಡಿಸುತ್ತಿವೆಯೋ, ಬಹುಮಟ್ಟಿಗೆ ಅವೇ ಸಾಧನಗಳು ಎರಡು ಮಗ್ಗದ ಮನೆಗೂ ದೊರೆತಿವೆ. ಆದರೆ ನಡುವಿನ ಸಾಹುಕಾರ ಮಾಯವಾದ ಜಾಗಕ್ಕೆ ಬೇರೊಂದು ಸಾಲು ಬಂದು ನಿಂತಿದೆ: ದೀಪ, ಮಸೂರ, ಸಿಲಿಕಾನ್ ಬಿಲ್ಲೆ, ಲೆಕ್ಕಾಚಾರ, ಗಾಜಿನ ಎಳೆ, ತೆರೆ. ಇವುಗಳಲ್ಲಿ ಪ್ರತಿಯೊಂದೂ ಬಣ್ಣದ ಮೇಲೆ ತನ್ನ ದಲಾಲಿಯನ್ನು ತೆಗೆದುಕೊಳ್ಳುತ್ತದೆ. ಹೇಗೆಂಬುದನ್ನು ನೋಡೋಣ.

ಮೊದಲಾಗಿ, ಬಣ್ಣವೆಂಬುದು ಸೀರೆಯಲ್ಲಿ ಮಾತ್ರ ಇರುವ ವಸ್ತುವೆಂದು ಭಾವಿಸುವುದನ್ನು ಬಿಡಬೇಕು. ಸೂರ್ಯನ ಬೆಳಕಿನಲ್ಲಿ ನಾನಾ ತರಂಗದೂರಗಳ ಕಿರಣಗಳಿವೆ. ಕಣ್ಣಿಗೆ ಕಾಣುವವು ಸುಮಾರು 400 ನ್ಯಾನೋಮೀಟರಿನಿಂದ 700 ನ್ಯಾನೋಮೀಟರಿನವರೆಗಿನವು. ಮೊದಲ ತುದಿ ನೇರಿಳೆ, ಕೊನೆಯ ತುದಿ ಕೆಂಪು. ದಾಳಿಂಬೆಗೆಂಪು ನೂಲಿನ ಬಣ್ಣದ್ರವ್ಯವು ನೀಲಿ ಹಸಿರುಗಳನ್ನು ಹೀರಿ, ಕೆಂಪಿನ ಕಡೆಯವನ್ನು ಹಿಂದಕ್ಕೆ ಚೆಲ್ಲುತ್ತದೆ. ಹೀಗೆ ಚೆಲ್ಲಿದ ಬೆಳಕು ಕಣ್ಣನ್ನು ಹೊಕ್ಕಾಗ ಅಕ್ಷಿಪಟಲದಲ್ಲಿರುವ ಶಂಕುಕೋಶಗಳು ಅದನ್ನು ಅಳೆಯುತ್ತವೆ. ಈ ಕೋಶಗಳಲ್ಲಿ ಮೂರೇ ಜಾತಿ. ಒಂದು ಜಾತಿ ಸುಮಾರು 420 ನ್ಯಾನೋಮೀಟರಿನ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ, ಎರಡನೆಯದು ಸುಮಾರು 530ಕ್ಕೆ, ಮೂರನೆಯದು ಸುಮಾರು 560ಕ್ಕೆ. ನೂರಾರು ತರಂಗದೂರಗಳ ಕಲಬೆರಕೆಯನ್ನು ಕಣ್ಣು ಮೂರು ಅಳತೆಗಳಿಗೆ ಇಳಿಸಿ ಮಿದುಳಿಗೆ ಒಪ್ಪಿಸುತ್ತದೆ. ನಾವು ಬಣ್ಣವೆನ್ನುವುದು ಈ ಮೂರು ಅಳತೆಗಳ ಹದವನ್ನು.

ಮೂರೇ ಸಾಕೆಂಬ ಈ ಸಂಗತಿಯ ಮೇಲೆಯೇ ಬಣ್ಣದ ಛಾಯಾಗ್ರಹಣವೆಲ್ಲ ನಿಂತಿದೆ. 1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಇದನ್ನು ಪ್ರಯೋಗದಿಂದ ತೋರಿಸಿದನು. ಒಂದೇ ವಸ್ತುವಿನ ಮೂರು ಕಪ್ಪುಬಿಳುಪು ಚಿತ್ರಗಳನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ತೆಗೆಯಿಸಿ, ಅವೇ ಬಣ್ಣದ ಬೆಳಕುಗಳಲ್ಲಿ ಒಂದರ ಮೇಲೊಂದು ಬೀಳುವಂತೆ ತೆರೆಯ ಮೇಲೆ ಬಿಟ್ಟಾಗ ವಸ್ತುವು ಬಣ್ಣಬಣ್ಣವಾಗಿ ಕಾಣಿಸಿತು. ಆ ವಸ್ತು ಯಾವುದೆಂಬುದು ನಮ್ಮ ನೇಕಾರರಿಗೆ ಸಂತೋಷ ತರಬಹುದು: ಸ್ಕಾಟ್ಲೆಂಡಿನ ಚೌಕಳಿ ನೇಯ್ಗೆಯ ಒಂದು ಪಟ್ಟಿ. ಮೂರು ಬಣ್ಣಗಳ ಈ ವಿಧಾನದ ಮೊದಲ ಚಿತ್ರವು ಬಟ್ಟೆಯದು.

ಈ ಕಥೆಗೆ ಒಂದು ಬಾಲವಿದೆ. ಅಂದಿನ ಛಾಯಾಫಲಕಗಳಿಗೆ ಕೆಂಪು ಬೆಳಕು ತಾಕುತ್ತಲೇ ಇರಲಿಲ್ಲ. ಹಾಗಿದ್ದರೂ ಕೆಂಪಿನ ಚಿತ್ರ ಮೂಡಿದ್ದು ಹೇಗೆ? ನೂರು ವರ್ಷಗಳ ಅನಂತರ, 1961ರಲ್ಲಿ, ಕೊಡಾಕ್ ಸಂಸ್ಥೆಯ ಸಂಶೋಧಕರು ಒಗಟನ್ನು ಬಿಡಿಸಿದರು. ಕೆಂಪು ಬಣ್ಣದ್ರವ್ಯವು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳನ್ನೂ ಚೆಲ್ಲುತ್ತಿರುತ್ತದೆ; ಮ್ಯಾಕ್ಸ್‌ವೆಲ್ಲನ ಕೆಂಪು ಶೋಧಕವು ಅವನ್ನೂ ಒಳಕ್ಕೆ ಬಿಟ್ಟಿತ್ತು; ಫಲಕವು ಅವುಗಳಿಗೆ ಸ್ಪಂದಿಸಿತ್ತು. ಕಣ್ಣು ನೋಡಿದ್ದೊಂದು, ಯಂತ್ರ ನೋಡಿದ್ದೊಂದು. ಫಲ ಮಾತ್ರ ಅದೃಷ್ಟವಶಾತ್ ಒಂದೇ ಆಗಿ ಬಂದಿತು. ರಬಕವಿಯ ಸೀರೆಗೆ ಆ ಅದೃಷ್ಟ ಒದಗಲಿಲ್ಲ.

ಈಗ ಮೊಬೈಲಿನೊಳಗಿನ ಕ್ಯಾಮೆರಾವನ್ನು ತೆರೆದು ನೋಡೋಣ. ಮಸೂರದ ಹಿಂದೆ ಕಿರುಬೆರಳ ಉಗುರಿನಷ್ಟು ಸಿಲಿಕಾನ್ ಬಿಲ್ಲೆ. ಅದರ ಮೇಲೆ ಕೋಟಿಗೂ ಮಿಕ್ಕಿದ ಬಿಂದುಗಳು; ಪ್ರತಿ ಬಿಂದುವೂ ತನ್ನ ಮೇಲೆ ಬಿದ್ದ ಬೆಳಕಿನ ಪ್ರಮಾಣವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಸಿಲಿಕಾನಿಗೆ ಬಣ್ಣ ಗೊತ್ತಿಲ್ಲ, ಬೆಳಕು ಹೆಚ್ಚೋ ಕಡಿಮೆಯೋ ಎಂಬುದಷ್ಟೇ ಗೊತ್ತು. ಆದುದರಿಂದ ಒಂದೊಂದು ಬಿಂದುವಿನ ಮೇಲೂ ಒಂದೊಂದು ಬಣ್ಣದ ಕಿರುಶೋಧಕವನ್ನು ಕೂಡಿಸಿರುತ್ತಾರೆ. ಕೊಡಾಕ್ ಸಂಸ್ಥೆಯವನೇ ಆದ ಬ್ರೈಸ್ ಬೇಯರ್ 1976ರಲ್ಲಿ ಹಕ್ಕುಪತ್ರ ಪಡೆದ ಏರ್ಪಾಡಿನಲ್ಲಿ ಅರ್ಧದಷ್ಟು ಬಿಂದುಗಳಿಗೆ ಹಸಿರು, ಕಾಲುಭಾಗಕ್ಕೆ ಕೆಂಪು, ಕಾಲುಭಾಗಕ್ಕೆ ನೀಲಿ. ಅಂದರೆ ಯಾವ ಬಿಂದುವೂ ಪೂರ್ಣ ಬಣ್ಣವನ್ನು ಕಂಡಿರುವುದಿಲ್ಲ. ಕೆಂಪು ಬಿಂದುವು ತನ್ನ ಹಸಿರು ನೀಲಿಗಳ ಲೆಕ್ಕವನ್ನು ನೆರೆಹೊರೆಯವರಿಂದ ಕೇಳಿ ಊಹಿಸಿಕೊಳ್ಳಬೇಕು. ಮುಖ, ಮರ, ಆಕಾಶಗಳಿಗೆ ಈ ಊಹೆ ಚೆನ್ನಾಗಿ ಹೊಂದುತ್ತದೆ. ನೇಯ್ಗೆಯ ವಿಷಯ ಬೇರೆ. ಬಿಂದುಗಳು ಒಂದು ಜಾಲ, ಎಳೆಗಳು ಇನ್ನೊಂದು ಜಾಲ. ಎರಡು ಹಿಟ್ಟಿನ ಜರಡಿಗಳನ್ನು ಒಂದರ ಮೇಲೊಂದು ಹಿಡಿದು ಬೆಳಕಿಗೆ ಎತ್ತಿ ನೋಡಿರಿ. ಯಾವ ಜರಡಿಯಲ್ಲಿಯೂ ಇಲ್ಲದ ಅಲೆಯಲೆಯಾದ ಗೆರೆಗಳು ಕಾಣುತ್ತವೆ. ನುಣುಪು ಚೌಕಳಿಯ ಸೀರೆಯ ಚಿತ್ರದಲ್ಲಿ ಕಾಮನಬಿಲ್ಲಿನಂತಹ ಪಟ್ಟೆಗಳು ಓಡಾಡುವುದು ಈ ಕಾರಣದಿಂದಲೇ. ಕ್ಯಾಮೆರಾವನ್ನು ಸ್ವಲ್ಪ ಹತ್ತಿರಕ್ಕೊಯ್ದರೆ ಅಥವಾ ಓರೆಯಾಗಿಸಿದರೆ ಅವು ಮಾಯವಾಗುತ್ತವೆ.

ಇದಕ್ಕಿಂತ ದೊಡ್ಡ ಮೋಸಗಾರ ದೀಪ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಮೊದಲು ಕೆಂಪಾಗಿ, ಕಾವೇರಿದಂತೆ ಹಳದಿಯಾಗಿ, ಬಿಳುಪಿಗೆ ತಿರುಗುವುದನ್ನು ವಾಚಕರು ಕಂಡಿರಬಹುದು. ಹಳೆಯ ತಂತಿಯ ಬಲ್ಬು ಸುಮಾರು 2700 ಕೆಲ್ವಿನ್ ಉಷ್ಣತೆಯಲ್ಲಿ ಉರಿಯುತ್ತದೆ. ಅದರ ಬೆಳಕಿನಲ್ಲಿ ಕೆಂಪು ಹಳದಿಗಳು ಹೆಚ್ಚು, ನೀಲಿ ಕಡಿಮೆ. ನಡುಹಗಲಿನ ಬಿಸಿಲು ಸುಮಾರು 5500 ಕೆಲ್ವಿನ್ ಕಾವಿನ ವಸ್ತುವಿನ ಬೆಳಕನ್ನು ಹೋಲುತ್ತದೆ. ಎರಡರಲ್ಲಿಯೂ ಬಿಳಿಯ ಪಂಚೆ ನಮಗೆ ಬಿಳಿಯಾಗಿಯೇ ಕಾಣುತ್ತದೆ, ಏಕೆಂದರೆ ಕಣ್ಣೂ ಮಿದುಳೂ ಸೇರಿ ದೀಪದ ಬಣ್ಣವನ್ನು ಕಳೆದುಬಿಡುತ್ತವೆ. ಕ್ಯಾಮೆರಾವೂ ಹೀಗೆ ಕಳೆಯಲು ಯತ್ನಿಸುತ್ತದೆ. ಆದರೆ ಅದಕ್ಕೆ ದೀಪ ಎಂತಹದೆಂದು ಹೇಳುವವರಿಲ್ಲ. ಚಿತ್ರವನ್ನೇ ನೋಡಿ ಊಹಿಸಬೇಕು. ಸಾಮಾನ್ಯವಾದ ಒಂದು ಊಹೆಯೆಂದರೆ, ಯಾವುದೇ ದೃಶ್ಯದ ಬಣ್ಣಗಳನ್ನೆಲ್ಲ ಕಲಸಿದರೆ ಹೆಚ್ಚುಕಡಿಮೆ ಬೂದುಬಣ್ಣ ಬರಬೇಕು ಎಂಬುದು. ಚೌಕಟ್ಟಿನ ತುಂಬ ಕೆಂಪು ಸೀರೆಯನ್ನೇ ಹರಡಿದರೆ ಯಂತ್ರವು ‘ದೀಪವೇ ಕೆಂಪಗಿದೆ’ ಎಂದು ಬಗೆದು ಕೆಂಪನ್ನು ತಗ್ಗಿಸಿ ನೀಲಿಯನ್ನು ಏರಿಸುತ್ತದೆ. ಇಂದಿನ ಯಂತ್ರಗಳು ಇದಕ್ಕಿಂತ ಜಾಣತನದ ಊಹೆಗಳನ್ನು ಮಾಡುತ್ತವೆ, ನಿಜ. ಊಹೆ ಮಾತ್ರ ಊಹೆಯೇ.

ನಾವು ಆ ಸೀರೆಯನ್ನು ಪ್ರಯೋಗಶಾಲೆಯಲ್ಲಿ ಮೂರು ಬಗೆಯಾಗಿ ಚಿತ್ರಿಸಿದೆವು: ತಂತಿಯ ಬಲ್ಬಿನ ಕೆಳಗೆ, ಎಲ್‌ಇಡಿ ಕೊಳವೆಯ ಕೆಳಗೆ, ಮತ್ತು ಹೊರಗಿನ ಪಡಸಾಲೆಯ ನೆರಳಿನಲ್ಲಿ. ಮೂರು ಚಿತ್ರಗಳನ್ನು ಸಾಲಾಗಿಟ್ಟು ತೋರಿಸಿದಾಗ ವಿದ್ಯಾರ್ಥಿಗಳು ಮೂರು ಸೀರೆಗಳೆಂದೇ ತಿಳಿದರು. ಎಲ್‌ಇಡಿಯ ಚಿತ್ರದಲ್ಲಿ ಕೆಂಪು ಸಪ್ಪೆಯಾಗಿತ್ತು. ಇದಕ್ಕೆ ಕಾರಣ ಆ ದೀಪದ ಹುಟ್ಟಿನಲ್ಲಿಯೇ ಇದೆ. 2014ರ ನೊಬೆಲ್ ಪಾರಿತೋಷಕವು ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಾಕಾಮುರಾ ಎಂಬ ಮೂವರಿಗೆ ಸಂದಿತು. ಮನೆಗಳ ಬಿಳಿ ದೀಪದೊಳಗೆ ಇರುವುದು ಈ ನೀಲಿಯೇ. ಅದರ ಮೇಲೆ ಬಳಿದ ಹಳದಿ ಸ್ಫುರಕವು ನೀಲಿಯ ಒಂದು ಪಾಲನ್ನು ಹಳದಿಯಾಗಿ ಮಾರ್ಪಡಿಸುತ್ತದೆ, ಎರಡೂ ಸೇರಿ ಬಿಳಿಯೆನಿಸುತ್ತದೆ. ಅಗ್ಗದ ದೀಪಗಳಲ್ಲಿ ಗಾಢಗೆಂಪು ಬಹಳ ಕಡಿಮೆ. ದೀಪದಲ್ಲಿಯೇ ಇಲ್ಲದ ಕೆಂಪನ್ನು ಸೀರೆಯು ಎಲ್ಲಿಂದ ತಂದು ಚೆಲ್ಲೀತು?

ಇದರಿಂದ ಇನ್ನೊಂದು ಸ್ವಾರಸ್ಯ ಹುಟ್ಟುತ್ತದೆ. ಎರಡು ಬೇರೆ ಬಣ್ಣದ್ರವ್ಯಗಳಲ್ಲಿ ಅದ್ದಿದ ಎರಡು ಲಡಿಗಳು ಒಂದು ದೀಪದ ಕೆಳಗೆ ಒಂದೇ ಬಣ್ಣವಾಗಿ ಕಂಡು, ಬಿಸಿಲಿಗೆ ಬಂದೊಡನೆ ಬೇರೆಬೇರೆಯಾಗಿ ಕಾಣಬಹುದು. ಚೆಲ್ಲುವ ತರಂಗಗಳು ಬೇರೆಯಾದರೂ ಆ ದೀಪದಲ್ಲಿ ಕಣ್ಣಿನ ಮೂರು ಅಳತೆಗಳು ಹೊಂದಿಕೊಂಡುಬಿಟ್ಟಿರುತ್ತವೆ, ಅಷ್ಟೆ. ನಮ್ಮ ಅಜ್ಜಿಯಂದಿರು ಸೀರೆ ಕೊಳ್ಳುವಾಗ ಅಂಗಡಿಯ ದೀಪವನ್ನು ನಂಬದೆ, ಸೆರಗನ್ನು ಹಿಡಿದುಕೊಂಡು ಬಾಗಿಲಾಚೆಯ ಬೆಳಕಿಗೆ ಬರುತ್ತಿದ್ದರು. ಅಂಗಡಿಯವರು ಗೊಣಗಿಕೊಳ್ಳುತ್ತಿದ್ದರು. ಭೌತಶಾಸ್ತ್ರವು ಅಜ್ಜಿಯ ಪಕ್ಷ.

ಕ್ಯಾಮೆರಾ ಕಂಡದ್ದು ಇನ್ನು ಅಂಕಿಗಳಾಗಬೇಕು. ಒಂದೊಂದು ಬಿಂದುವಿಗೂ ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ಅಂಕಿ. ಪ್ರತಿಯೊಂದೂ 0ಯಿಂದ 255ರೊಳಗೆ. ಹೀಗೆ ಬರೆಯಬಹುದಾದ ಬಣ್ಣಗಳು 1,67,77,216. ಇಷ್ಟು ಸಾಲದೆಂದು ಯಾರೂ ದೂರುವಂತಿಲ್ಲ. ಆದರೆ 1.2 ಕೋಟಿ ಬಿಂದುಗಳ ಒಂದು ಚಿತ್ರಕ್ಕೆ 3.6 ಕೋಟಿ ಅಂಕಿಗಳಾದುವು. ಇದನ್ನು ಹೀಗೆಯೇ ಕಳಿಸಹೊರಟರೆ ಹತ್ತು ಸೀರೆ ತೋರಿಸುವಷ್ಟರಲ್ಲಿ ಗಿರಾಕಿಯ ತಾಳ್ಮೆ ತೀರಿಹೋಗುತ್ತದೆ. ಚಿತ್ರವನ್ನು ಹಿಂಡಿ ಚಿಕ್ಕದು ಮಾಡಬೇಕು. ಹಿಂಡಿದ್ದು ಕಣ್ಣಿಗೆ ಗೊತ್ತಾಗಬಾರದು. ಈ ಕೆಲಸವನ್ನು ಸಾಧಿಸಿದ ಗಣಿತದ ಹಿಂದೆ ಒಬ್ಬ ಬೆಂಗಳೂರಿಗನಿದ್ದಾನೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕೇಳಿಯೇ ಇರಲಿಲ್ಲ.

ನಾಸಿರ್ ಅಹಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. 1972ರಲ್ಲಿ ಅವರು ಚಿತ್ರಗಳನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವ ವಿಧಾನವೊಂದನ್ನು ಸಂಶೋಧಿಸಲು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯ ಕೋರಿದರು. ವಿಚಾರವು ತೀರ ಸರಳವೆಂದು ಎಣಿಸಿ ಸಹಾಯವನ್ನು ನಿರಾಕರಿಸಲಾಯಿತು. ಅವರು ಬಿಡಲಿಲ್ಲ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡಗೂಡಿ 1974ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. 1992ರಲ್ಲಿ ಅಂಗೀಕೃತವಾದ ಜೆಪೆಗ್ ಎಂಬ ಚಿತ್ರಪದ್ಧತಿಯ ತಿರುಳು ಈ ವಿಧಾನವೇ. ಚಲಿಸುವ ಚಿತ್ರಗಳಲ್ಲಿಯೂ ಅದರ ರೂಪಾಂತರಗಳು ದುಡಿಯುತ್ತಿವೆ.

ವಿಧಾನ ಹೀಗೆ. ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಚೌಕಗಳಾಗಿ ಕೊಯ್ಯುತ್ತಾರೆ. ತಂಬೂರಿಯ ನಾದವನ್ನು ಒಂದು ಮೂಲಸ್ವರ ಮತ್ತು ಅದರ ಮೇಲಣ ಸೂಕ್ಷ್ಮಸ್ವರಗಳ ಕೂಡಿಕೆಯೆಂದು ಬಿಡಿಸುವಂತೆ, ಚೌಕದ 64 ಅಂಕಿಗಳನ್ನು 64 ಅಲೆಗಳ ಕೂಡಿಕೆಯೆಂದು ಬಿಡಿಸಬಹುದು. ಮೊದಲ ಅಲೆ ಇಡೀ ಚೌಕದ ಸರಾಸರಿ. ಅನಂತರದವು ನಿಧಾನವಾದ ಏರಿಳಿತಗಳು. ಕೊನೆಯವು ಅತಿ ಸೂಕ್ಷ್ಮ. ಬಹುಪಾಲು ಚಿತ್ರಗಳಲ್ಲಿ ಸೂಕ್ಷ್ಮ ಅಲೆಗಳ ಪ್ರಮಾಣ ಅತ್ಯಲ್ಪ. ಅವನ್ನು ಕೈಬಿಟ್ಟರೂ ಕಣ್ಣು ಕೇಳುವುದಿಲ್ಲ. ಇದಲ್ಲದೆ, ಕಣ್ಣು ಬೆಳಕು-ನೆರಳಿನ ಅಂಚನ್ನು ಚೂಪಾಗಿ ಕಾಣುತ್ತದೆ, ಬಣ್ಣದ ಅಂಚನ್ನು ಅಷ್ಟು ಚೂಪಾಗಿ ಕಾಣದು. ಆದುದರಿಂದ ಬೆಳಕಿನ ಅಂಕಿಗಳನ್ನು ಪೂರ್ತಿ ಉಳಿಸಿಕೊಂಡು, ಬಣ್ಣದ ಅಂಕಿಗಳನ್ನು ಸಾಮಾನ್ಯವಾಗಿ ನಾಲ್ಕು ಬಿಂದುಗಳಿಗೆ ಒಂದರಂತೆ ಮಾತ್ರ ಇಟ್ಟುಕೊಳ್ಳುತ್ತಾರೆ. ಹಿಂಡುವಿಕೆಯೆಲ್ಲ ಮುಗಿದಾಗ ಕೋಟಿಗಳ ಲೆಕ್ಕವು ಕೆಲವೇ ಮೆಗಾಬೈಟಿಗೆ ಇಳಿದಿರುತ್ತದೆ.

ಆದರೆ ಇಳಕಲ್ಲಿನ ತೋಪುತೆನೆ ಸೆರಗಿನಲ್ಲಿ ಕೆಂಪಿನೊಳಗೆ ಹೊಂಚುವ ಬಿಳಿಯ ಹಲ್ಲುಗಳನ್ನು ನೆನೆಯಿರಿ. ಅಲ್ಲಿ ಸೂಕ್ಷ್ಮ ಅಲೆಗಳೇ ಪ್ರಧಾನ, ಬಣ್ಣದ ಅಂಚೇ ಅಂದ. ಎಲ್ಲರಿಗೂ ಒಪ್ಪುವ ಮಿತವ್ಯಯವು ನೇಯ್ಗೆಗೆ ಒಪ್ಪುವುದಿಲ್ಲ: ಕೆಂಪು ಬಿಳಿಯೊಳಕ್ಕೆ ಸೋರುತ್ತದೆ, ಎಳೆಗಳು ಕಲಸಿಕೊಳ್ಳುತ್ತವೆ. ಸಂದೇಶವಾಹಕ ಆಪ್‌ಗಳ ಮೂಲಕ ಚಿತ್ರವನ್ನು ಚಿತ್ರವೆಂದೇ ಕಳಿಸಿದರೆ ಅವು ಇನ್ನೊಮ್ಮೆ ಹಿಂಡುತ್ತವೆ. ಅದನ್ನೇ ‘ಕಡತ’ದ ರೂಪದಲ್ಲಿ ಲಗತ್ತಿಸಿದರೆ ಇದ್ದುದು ಇದ್ದಂತೆ ಹೋಗುತ್ತದೆ. ಈ ಒಂದು ಉಪಾಯವನ್ನು ಕೇಳಿಯೇ ಸೋದರಮಾವನವರು ನಮ್ಮ ಪಾಠ ಸಾರ್ಥಕವಾಯಿತೆಂದು ಹೇಳಿ ಕಳಿಸಿದರು.

ಕಡಲ ಪ್ರಯಾಣವೊಂದೇ ಈ ಹಾದಿಯಲ್ಲಿ ಮೋಸವಿಲ್ಲದ ಭಾಗ. 1870ರಲ್ಲಿ ಮುಂಬಯಿ ಮತ್ತು ಲಂಡನ್ನುಗಳನ್ನು ಕಡಲಡಿಯ ತಾಮ್ರದ ತಂತಿ ಜೋಡಿಸಿದಾಗ ಅದರಲ್ಲಿ ಹೋಗುತ್ತಿದ್ದುದು ಟೆಲಿಗ್ರಾಂ. ಈಗ ಇರುವುದು ಕೂದಲೆಳೆಯಂತಹ ಗಾಜು. ಅದರೊಳಗಿನ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ ಹೊರಬೀಳದೆ ಸಾಗುತ್ತದೆ. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ದೂರಸಂಪರ್ಕಕ್ಕೆ ಒದಗುತ್ತದೆಂದು ಚಾರ್ಲ್ಸ್ ಕಾವೋ 1966ರಲ್ಲಿ ವಾದಿಸಿದಾಗ ಅವನು ಬೇಡಿದ್ದು ಕಿಲೋಮೀಟರಿಗೆ ನೂರರಲ್ಲಿ ಒಂದು ಪಾಲು ಬೆಳಕಾದರೂ ಉಳಿಯಲಿ ಎಂದು. ಇಂದಿನ ಎಳೆಯಲ್ಲಿ 15 ಕಿಲೋಮೀಟರು ಹೋದರೂ ಅರ್ಧ ಉಳಿದಿರುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಹತ್ತು ಸಾವಿರ ಕಿಲೋಮೀಟರಿಗೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಹೊರಟ ಅಂಕಿಯೇ ಅತ್ತ ಸೇರುತ್ತದೆ, ತಪ್ಪಿದ್ದರೆ ತಿದ್ದುವ ಏರ್ಪಾಡೂ ಉಂಟು. ಸೀರೆಯು ದಿನಗಟ್ಟಲೆ ಹಿಡಿಯುವ ದಾರಿಯನ್ನು ಅದರ ಬಣ್ಣದ ಅಂಕಿ ರೆಪ್ಪೆ ಬಡಿಯುವುದರೊಳಗೆ ಮುಗಿಸುತ್ತದೆ.

ಅತ್ತ ತಲುಪಿದ ಅಂಕಿಯು ಮತ್ತೆ ಬಣ್ಣವಾಗುವುದು ಗಿರಾಕಿಯ ತೆರೆಯ ಮೇಲೆ. 200 ಎಂಬ ಕೆಂಪಿನಂಕಿ ಎಷ್ಟು ಕೆಂಪಾಗಬೇಕು? ಪ್ರತಿ ತಯಾರಕನೂ ತನ್ನಿಷ್ಟದಂತೆ ನಡೆಯಬಾರದೆಂದು ಹ್ಯೂಲೆಟ್-ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1996ರಲ್ಲಿ ಎಸ್‌ಆರ್‌ಜಿಬಿ ಎಂಬ ಒಂದು ನಿಯಮವನ್ನು ಮುಂದಿಟ್ಟವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಕೆಂಪು, ಹಸಿರು, ನೀಲಿಗಳನ್ನು ತ್ರಿಕೋನದ ಮೂರು ಮೂಲೆಗಳೆಂದು ಭಾವಿಸಿದರೆ ಒಳಗಿರುವ ಬಣ್ಣಗಳನ್ನು ಮಾತ್ರ ತೋರಿಸಬಹುದು. ನವಿಲಿನ ಬಣ್ಣದ ಗಾಢ ಹಸಿರುನೀಲಿಗಳು ಕೆಲವು ಈ ತ್ರಿಕೋನದ ಹೊರಗೆ ಬೀಳುತ್ತವೆ. ಅವುಗಳ ಬದಲಿಗೆ ಅಂಚಿನಲ್ಲಿರುವ ಯಾವುದೋ ಹತ್ತಿರದ ನೆಂಟನು ಬಂದು ಕೂರುತ್ತಾನೆ. ಹೊಸ ತೆರೆಗಳ ತ್ರಿಕೋನ ಇನ್ನೂ ದೊಡ್ಡದು, ಆದರೆ ಎಲ್ಲರ ಕೈಯಲ್ಲಿಯೂ ಹೊಸ ತೆರೆ ಇರುವುದಿಲ್ಲ.

ಇಲ್ಲಿ ಆ ಹಿಂದಿರುಗಿದ ಸೀರೆಯ ರಹಸ್ಯದ ಉಳಿದ ತುಂಡು ನಮಗೆ ದೊರೆಯಿತು. ವಿಚಾರಿಸಿದಾಗ ತಿಳಿದುದೇನೆಂದರೆ, ಸೋದರಮಾವನವರು ಚಿತ್ರವನ್ನು ರಾತ್ರಿ ಮಗ್ಗದ ಮನೆಯ ಎಲ್‌ಇಡಿ ಬೆಳಕಿನಲ್ಲಿ ತೆಗೆದಿದ್ದರು. ಕೆಂಪು ಸಪ್ಪೆಯಾಗಿ ಕಂಡುದರಿಂದ ಮೊಬೈಲಿನ ‘ಅಂದಗೊಳಿಸುವ’ ಗುಂಡಿಯನ್ನು ಒತ್ತಿ ಅದನ್ನು ಉಜ್ವಲಗೊಳಿಸಿದ್ದರು. ಮರುದಿನ ಬೆಳಗ್ಗೆ 9 ಗಂಟೆಗೆ ಕಳಿಸಿದರು. ಚಳಿಗಾಲದಲ್ಲಿ ನಮ್ಮ ಬೆಳಗಿನ 9 ಗಂಟೆಯೆಂದರೆ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ಹತ್ತೂವರೆ. ಆ ಹೊತ್ತಿಗೆ ಅಲ್ಲಿಯ ಮೊಬೈಲು ನಿದ್ರೆಗೆ ಅನುಕೂಲವಾಗಲೆಂದು ನೀಲಿಯನ್ನು ತಗ್ಗಿಸಿ ತೆರೆಯನ್ನು ಹಳದಿಗೆ ಹೊರಳಿಸಿತ್ತು. ದಾಳಿಂಬೆಯ ಗಾಢಗೆಂಪು ಉರಿಗೆಂಪಾಗಿ, ಉರಿಗೆಂಪು ಮುತ್ತುಗದ ಹೂವಿನ ಬಣ್ಣವಾಗಿ ಆ ಗೃಹಿಣಿಯ ಕಣ್ಣಿಗೆ ಬಿದ್ದಿತು. ನೇಯ್ದವರೂ ಸುಳ್ಳಾಡಲಿಲ್ಲ, ಕೊಂಡವರೂ ಸುಳ್ಳಾಡಲಿಲ್ಲ.

ದೊಡ್ಡ ಸಂಸ್ಥೆಗಳು ಈ ತೊಡಕಿನಿಂದ ತಪ್ಪಿಸಿಕೊಳ್ಳಲು ಕಣ್ಣನ್ನೇ ಬದಿಗಿಟ್ಟಿವೆ. ರೋಹಿತಮಾಪಕವೆಂಬ ಉಪಕರಣವು ಬಟ್ಟೆಯು ಯಾವ ತರಂಗದೂರವನ್ನು ಎಷ್ಟೆಷ್ಟು ಚೆಲ್ಲುತ್ತದೆಂದು ಅಳೆಯುತ್ತದೆ. ಅಂತರರಾಷ್ಟ್ರೀಯ ಪ್ರಕಾಶ ಆಯೋಗವು 1976ರಲ್ಲಿ ಗೊತ್ತುಪಡಿಸಿದ ಲೆಕ್ಕದಂತೆ ಎರಡು ಬಣ್ಣಗಳ ನಡುವಣ ಅಂತರವನ್ನು ಒಂದೇ ಅಂಕಿಯಲ್ಲಿ ಹೇಳಬಹುದು. ಒಂದೆರಡರೊಳಗಿದ್ದರೆ ಸಾಮಾನ್ಯ ಕಣ್ಣು ಭೇದವನ್ನು ಕಾಣದು. ಕೊಳ್ಳುವ ಸಂಸ್ಥೆ ಒಂದು ಖಂಡದಲ್ಲಿ, ಬಣ್ಣ ಹಾಕುವವನು ಇನ್ನೊಂದರಲ್ಲಿ. ಇಬ್ಬರೂ ಅಂಕಿಗಳನ್ನೇ ವಿನಿಮಯ ಮಾಡಿಕೊಂಡು ಒಪ್ಪಂದಕ್ಕೆ ಬರುತ್ತಾರೆ. ಈ ಉಪಕರಣ ನೇಕಾರನೊಬ್ಬನ ಕೈಗೆಟುಕುವ ಬೆಲೆಯದಲ್ಲ. ನೇಕಾರರ ಸಹಕಾರ ಸಂಘಗಳು ಒಂದೊಂದನ್ನು ಇಟ್ಟುಕೊಳ್ಳಬಾರದೇಕೆ ಎಂದು ನಮಗೆ ಅನೇಕ ಸಲ ಅನ್ನಿಸಿದೆ.

ಬಣ್ಣದಷ್ಟೇ ಮಾತೂ ಅಂಕಿಯಾಗಿ ಕಡಲು ದಾಟುತ್ತಿದೆ. ಯಾಂತ್ರಿಕ ಅನುವಾದವು ಪದಗಳನ್ನು ಅಂಕಿಗಳ ಸರಣಿಗಳಾಗಿ ಮಾರ್ಪಡಿಸಿ, ಅಕ್ಕಪಕ್ಕದ ಪದಗಳ ಸಹವಾಸದಿಂದ ಅರ್ಥವನ್ನು ಊಹಿಸುತ್ತದೆ. 2017ರಿಂದೀಚೆಗೆ ಬಂದ ಹೊಸ ರಚನೆಗಳು ಇದನ್ನು ಬಹಳ ಚುರುಕುಗೊಳಿಸಿವೆ. 2022ರಲ್ಲಿ ಭಾರತ ಸರ್ಕಾರವು ‘ಭಾಷಿಣಿ’ ಎಂಬ ಹೆಸರಿನಲ್ಲಿ ನಮ್ಮ ಭಾಷೆಗಳಿಗಾಗಿಯೇ ಇಂತಹ ಸೇವೆಯನ್ನು ಆರಂಭಿಸಿತು. ಕನ್ನಡ ಬಾರದ ಗಿರಾಕಿಯೊಬ್ಬರು ಒಮ್ಮೆ ಸೋದರಮಾವನವರಿಗೆ ಬಣ್ಣ ಗಟ್ಟಿಯೇ, ಒಗೆದರೆ ಬಿಡದಷ್ಟೆ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರಂತೆ. ಇಂಗ್ಲಿಷಿನಲ್ಲಿ ಗಟ್ಟಿ ಬಣ್ಣಕ್ಕೂ ವೇಗಕ್ಕೂ ಫಾಸ್ಟ್ ಎಂಬ ಒಂದೇ ಪದ. ಯಂತ್ರವು ‘ಬಣ್ಣ ವೇಗವಾಗಿದೆಯೆ?’ ಎಂದು ಕನ್ನಡಿಸಿತು. ಅಂಚೆಯ ವೇಗವನ್ನು ಕೇಳುತ್ತಿದ್ದಾರೆಂದು ತಿಳಿದ ಇವರು ‘ಹದಿನೈದು ದಿನ ಹಿಡಿಯುತ್ತದೆ’ ಎಂದು ಉತ್ತರ ಬರೆದರು. ಹದಿನೈದು ದಿನಗಳಲ್ಲಿ ಬಿಡುವ ಬಣ್ಣವನ್ನು ಯಾರು ಕೊಂಡಾರು? ಆ ವ್ಯಾಪಾರ ಅಲ್ಲಿಗೇ ನಿಂತಿತು.

ಇಂತಹ ತಪ್ಪುಗಳು ನಗೆಯಲ್ಲಿ ಮುಗಿಯುತ್ತವೆ, ಕಾಲಕ್ರಮದಲ್ಲಿ ಕಡಿಮೆಯೂ ಆದಾವು. ನಮಗೆ ಹೆಚ್ಚು ಆತಂಕ ತರುವುದು ಬೇರೊಂದು. ಕೃತಕ ಬುದ್ಧಿಯ ಯಂತ್ರಕ್ಕೆ ಸೀರೆಯ ಒಂದು ಚಿತ್ರವನ್ನು ಕೊಟ್ಟರೆ ಈಗ ಅದು ಹುಟ್ಟಿಯೇ ಇರದ ಸುಂದರಿಯೊಬ್ಬಳಿಗೆ ಆ ಸೀರೆಯನ್ನು ಉಡಿಸಿ ತೋರಿಸುತ್ತದೆ. ನೆರಿಗೆಯ ಮಡಿಕೆಯೊಳಗೆ ದಡಿಯ ಕುಸುರಿ ಹೇಗಿರುತ್ತದೆಂದು ಅದಕ್ಕೆ ತಿಳಿಯದು. ಕಂಡ ಲಕ್ಷಾಂತರ ಚಿತ್ರಗಳ ನೆನಪಿನಿಂದ ಏನನ್ನೋ ತುಂಬಿಬಿಡುತ್ತದೆ. ನಾವು ಪರೀಕ್ಷಿಸಿದ ಒಂದು ಚಿತ್ರದಲ್ಲಿ ದಡಿಯ ಗೋಮಿ ಅರ್ಧದಾರಿಯಲ್ಲಿ ಬೇರೆಯೇ ಬಳ್ಳಿಯಾಗಿ ಹರಿದಿತ್ತು. ಕ್ಯಾಮೆರಾ ತಪ್ಪು ಮಾಡುವಾಗಲೂ ಎದುರಿಗಿದ್ದ ಸೀರೆಯ ಬೆಳಕನ್ನೇ ಅಳೆದಿರುತ್ತದೆ. ಇಲ್ಲಿ ಅಳತೆಯೇ ಇಲ್ಲ. ಮಾರುವ ವಸ್ತುವಿನ ಚಿತ್ರವೆಂದು ಇದನ್ನು ಗಿರಾಕಿಯ ಮುಂದಿಡುವುದು ಸಲ್ಲದೆಂದು ನಮ್ಮ ಅಭಿಪ್ರಾಯ.

ಚಲಿಸುವ ಚಿತ್ರದ ಸಂಭಾಷಣೆಯನ್ನು ನಾವು ಇದಕ್ಕಿಂತ ಮೇಲೆಂದು ಎಣಿಸುತ್ತೇವೆ. ಮಯೂರಕಂಠಿ ಸೀರೆಯನ್ನು ತೆಗೆದುಕೊಳ್ಳಿರಿ. ಅದರ ಹಾಸು ನೀಲಿ, ಹೊಕ್ಕು ಹಸಿರು. ಎಳೆಯು ದುಂಡಗಿರುವುದರಿಂದ ತನ್ನ ಉದ್ದಕ್ಕೆ ಅಡ್ಡವಾಗಿ ಬೆಳಕನ್ನು ಅಗಲವಾಗಿ ಹರಡುತ್ತದೆ, ಉದ್ದದ ಗುಂಟ ಕನ್ನಡಿಯಂತೆ ಇಕ್ಕಟ್ಟಾಗಿ ಚಿಮ್ಮಿಸುತ್ತದೆ. ಹಾಸು ಹೊಕ್ಕುಗಳು ಒಂದಕ್ಕೊಂದು ಲಂಬವಾಗಿರುವುದರಿಂದ ಬಟ್ಟೆಯನ್ನು ಹೊರಳಿಸಿದಂತೆ ಒಮ್ಮೆ ನೀಲಿ ಮೇಲಾಗಿ, ಒಮ್ಮೆ ಹಸಿರು ಮೇಲಾಗಿ ಮಿನುಗುತ್ತದೆ. ಒಂದು ನಿಶ್ಚಲ ಚಿತ್ರ ಇದರಲ್ಲಿ ಒಂದು ಕ್ಷಣವನ್ನು ಮಾತ್ರ ಹಿಡಿಯಬಲ್ಲದು. ಮೊಬೈಲಿನ ಮುಂದೆ ಸೀರೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹೊರಳಿಸಿದರೆ ಹತ್ತು ಸಾವಿರ ಕಿಲೋಮೀಟರಿನಾಚೆಯ ಕಣ್ಣಿಗೂ ನವಿಲಿನ ಕತ್ತು ಕಾಣುತ್ತದೆ.

ಹಿಂದಿರುಗಿದ ಆ ದಾಳಿಂಬೆಗೆಂಪು ಸೀರೆಯನ್ನು ಮತ್ತೆ ಮಾರಬೇಕಾಗಿತ್ತಷ್ಟೆ. ವಿದ್ಯಾರ್ಥಿನಿಯು ರಬಕವಿಗೆ ಹೋಗಿ ಮಾವನಿಗೆ ಎಲ್ಲವನ್ನೂ ವಿವರಿಸಿದಳು. ತೆಳುಮೋಡವಿದ್ದ ಒಂದು ಬೆಳಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಸೀರೆಯನ್ನು ಹರಡಿ, ಪಕ್ಕದಲ್ಲಿ ಒಂದು ಬಿಳಿಯ ಹಾಳೆಯನ್ನಿಟ್ಟು ಚಿತ್ರ ತೆಗೆದರು. ಹಾಳೆ ಬಿಳಿಯಾಗಿ ಕಾಣುವವರೆಗೆ ಹದ ಮಾಡಿ, ಅಂದಗೊಳಿಸುವ ಗುಂಡಿಯನ್ನು ಮುಟ್ಟದೆ, ಕಡತವಾಗಿ ಕಳಿಸಿದರು. ಜೊತೆಗೆ ಎರಡು ಸಾಲು: ರಾತ್ರಿಯ ಹಳದಿ ತೆರೆಯನ್ನು ಆರಿಸಿ ನೋಡಿರಿ; ಪಕ್ಕದ ಹಾಳೆ ನಿಮ್ಮಲ್ಲಿಯೂ ಬಿಳಿಯಾಗಿ ಕಂಡರೆ ಸೀರೆಯ ಬಣ್ಣವೂ ಸರಿಯೆನ್ನಿರಿ. ಈ ಸಲ ಕೇಳಿದವರು ಲಂಡನ್ನಿನವರು. ಬಣ್ಣದ ವಿಷಯ ಒಂದೇ ಮಾತಿನಲ್ಲಿ ಇತ್ಯರ್ಥವಾಯಿತು.

ಆದರೆ ಮಾರನೆಯ ವಾರ ಆಕೆ ಮತ್ತೆ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದ್ದಳು. “ಬಣ್ಣ ಛಲೋ ಐತಿ ಅಂದಾರ್ರಿ ಸರ್. ಮೈಗೆ ಮೆತ್ತಗ ಐತೇನು ಅಂತ ಕೇಳ್ಯಾರ. ಅದಕ್ಕ ಎಷ್ಟ ಅಂಕಿ ಬೇಕಾಗ್ತಾವ್ರಿ?”

ಬೆರಳ ತುದಿಯ ಚರ್ಮದಲ್ಲಿ ಒತ್ತಡಕ್ಕೆ, ಕಂಪನಕ್ಕೆ, ಜಾರಿಕೆಗೆ ಬೇರೆಬೇರೆ ನರಾಂಕುರಗಳಿವೆ; ಉಷ್ಣಕ್ಕೂ ಶೀತಕ್ಕೂ ಮತ್ತೆ ಬೇರೆ. ಕಣ್ಣಿನ ಮೂರು ಅಳತೆಗಳಂತೆ ಸ್ಪರ್ಶವನ್ನು ಕೆಲವೇ ಅಳತೆಗಳಿಗೆ ಇಳಿಸಿ, ಅತ್ತಣ ಬೆರಳಿಗೆ ಮರಳಿ ಮೂಡಿಸುವ ತೆರೆಯು ಇನ್ನೂ ಅಂಗಡಿಗೆ ಬಂದಿಲ್ಲ. ಇದನ್ನು ಕೇಳಿದ ಸೋದರಮಾವನವರು, ಅದೇ ಹಾಸಿನಿಂದ ಉಳಿದಿದ್ದ ಅಂಗೈಯಗಲದ ತುಂಡೊಂದನ್ನು ಕತ್ತರಿಸಿ, ಲಕೋಟೆಯಲ್ಲಿಟ್ಟು, ಅಂಚೆಗೆ ಹಾಕಿದರು.